ಮೊದಲು ಬೀಳೋದು ಕಲಿಯಿರಿ

ಪ್ರಶ್ನೆ: ನನಗೆ 42 ವರ್ಷ. ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ರಾತ್ರಿ ಒಂಬತ್ತಕ್ಕೆ ಬಸ್ ಇಳಿದು ಹತ್ತು ನಿಮಿಷ ನಡೆಯಬೇಕು, ಅರ್ಧ ದಾರಿಗೆ ಬೀದಿದೀಪ ಇಲ್ಲ. ಇಲ್ಲಿ ಕರಾಟೆ, ಜೂಡೊ ಎರಡೂ ಹೇಳಿಕೊಡುತ್ತಾರೆ. ಇನ್ನೊಬ್ಬರು ‘ಏಳೇ ದಿನದಲ್ಲಿ ಕ್ರಾವ್ ಮಗಾ’ ಅಂತ ಬೋರ್ಡು ಹಾಕಿದ್ದಾರೆ. ನನಗೆ ಮಂಡಿ ನೋವು ಬೇರೆ. ಎಲ್ಲಿಗೆ ಸೇರಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಏಳು ದಿನದ ಬೋರ್ಡನ್ನು ಬಿಟ್ಟುಬಿಡಿ. ಕ್ರಾವ್ ಮಗಾ ಅಂದರೆ ಇಸ್ರೇಲಿನ ಆತ್ಮರಕ್ಷಣೆ ಪದ್ಧತಿ, ಅದು ಕೆಟ್ಟದ್ದು ಅಂತಲ್ಲ. ಅದನ್ನು ಕಟ್ಟಿದ ಇಮಿ ಲಿಚ್ಟೆನ್‌ಫೆಲ್ಡ್ ಕುಸ್ತಿ, ಬಾಕ್ಸಿಂಗ್‌ನಲ್ಲಿ ಪಳಗಿದವರು. 1930ರ ದಶಕದಲ್ಲಿ ಯುರೋಪಿನ ಬ್ರಾಟಿಸ್ಲಾವಾ ನಗರದ ಬೀದಿಗಳಲ್ಲಿ, ಯೆಹೂದಿಗಳ ಮೇಲೆ ಎರಗುತ್ತಿದ್ದ ಗುಂಪುಗಳ ಜೊತೆ ಹೊಡೆದಾಡಿ ಕಲಿತವರು. ಅದು ವಾರದಲ್ಲಿ ಕೈಗೆ ಹತ್ತುತ್ತದಾ?

ನಾನು ಜೂಡೊದವಳು, ಪಕ್ಷಪಾತ ಇದ್ದೇ ಇದೆ. ಆದರೂ ಹೇಳುತ್ತೇನೆ, ಹೆಸರಿಗಿಂತ ತರಗತಿ ಮುಖ್ಯ. ಒಂದು ಸಂಜೆ ಸುಮ್ನೆ ಹೋಗಿ ಮೂಲೆಯಲ್ಲಿ ಕೂತುಕೊಳ್ಳಿ. ಎಲ್ಲರೂ ಸಾಲಾಗಿ ನಿಂತು ಬರೀ ಗಾಳಿಗೆ ಗುದ್ದುತ್ತಿದ್ದರೆ ಎದ್ದು ಬನ್ನಿ. ಒಬ್ಬರು ನಿಜವಾಗಿ ಬಿಗಿಯಾಗಿ ಹಿಡಿದು, ಇನ್ನೊಬ್ಬರು ಬಿಡಿಸಿಕೊಳ್ಳಲು ಒದ್ದಾಡುತ್ತಿದ್ದರೆ ಸೇರಿ. ಮಂಡಿ ವಿಷಯ ಮೊದಲೇ ತಿಳಿಸಿ. ‘ಏನೂ ಆಗಲ್ಲ ಬನ್ನಿ’ ಅನ್ನುವ ಮೇಷ್ಟ್ರು ಬೇಡ.

ಈಗಲೇ ಒಂದು ಪಟ್ಟು ನೋಡಿ. ಮನೆಯಲ್ಲಿ ಯಾರಿಗಾದರೂ ನಿಮ್ಮ ಮಣಿಕಟ್ಟು ಗಟ್ಟಿಯಾಗಿ ಹಿಡಿಯಲು ಹೇಳಿ. ಸುಮ್ನೆ ಎಳೆದರೆ ಬರಲ್ಲ. ಹಿಡಿತ ಗಮನಿಸಿ: ಒಂದು ಕಡೆ ನಾಲ್ಕು ಬೆರಳು, ಇನ್ನೊಂದು ಕಡೆ ಹೆಬ್ಬೆರಳು ಒಂದೇ. ಎರಡೂ ಸೇರುವ ಸಂದಿಯಲ್ಲೇ ಬಾಗಿಲು. ಮಣಿಕಟ್ಟಿನ ತೆಳು ಅಂಚು ಆ ಸಂದಿಗೆ ಬರುವ ಹಾಗೆ ಕೈ ತಿರುಗಿಸಿ, ಮೊಣಕೈಯನ್ನು ಅವರ ಕಡೆಗೇ ನೂಕುತ್ತಾ, ಹೆಬ್ಬೆರಳಿನ ದಿಕ್ಕಿಗೆ ಕಿತ್ತುಕೊಳ್ಳಿ. ಮೊದಲ ಸಲ ಆಗಲ್ಲ. ಐವತ್ತು ಸಲ ಮಾಡಿದ ಮೇಲೆ ಟಕ್ ಅಂತ ಬರುತ್ತದೆ. ಬಂತು ಅಂತ ನಿಂತು ಹೊಡೆಯಲು ಹೋಗಬೇಡಿ. ಕಿರುಚಿ, ಬೆಳಕು ಇರುವ ಕಡೆ ಓಡಿ. ಸರಕ್ಕೆ ಕೈ ಹಾಕಿದರೆ ಸರ ಬಿಟ್ಟುಬಿಡಿ. ಬೈಕಿನವನ ಜೊತೆ ಜಗ್ಗಾಡಿದರೆ ನೀವೇ ರಸ್ತೆಗೆ ಬೀಳುತ್ತೀರಿ.

ಬೀಳೋದು ಅಂದೆನಲ್ಲ, ಜೂಡೊದಲ್ಲಿ ಮೊದಲ ಪಾಠವೇ ಅದು, ಉಕೆಮಿ. ಗದ್ದ ಎದೆಗೆ ಒತ್ತಿ, ಬೆನ್ನನ್ನು ದುಂಡಗೆ ಮಾಡಿ ಉರುಳಿ, ಕೈಯಿಂದ ಚಾಪೆ ಬಡಿಯಬೇಕು. ನಮಗೆ ಎರಡು ತಿಂಗಳು ಅದೇ ಆಗಿತ್ತು. ರೇಗುತ್ತಿತ್ತು ನನಗೆ. ಇಪ್ಪತ್ತಾರು ವರ್ಷದಲ್ಲಿ ರಸ್ತೆಯಲ್ಲಿ ಒಮ್ಮೆಯೂ ನನ್ನ ಜೂಡೊ ಬೇಕಾಗಲಿಲ್ಲ. ಬೇಕಾದದ್ದು ಬಚ್ಚಲುಮನೆಯಲ್ಲಿ! ಸೋಪಿನ ನೀರಿಗೆ ಕಾಲು ಜಾರಿತು, ಗದ್ದ ತಾನಾಗಿ ಎದೆಗೆ ಹೋಯಿತು. ಮೊಣಕೈ ತರಚಿತು, ತಲೆ ಉಳಿಯಿತು. ಮಂಡಿ ನೋವಿನವರು ಕೂತಲ್ಲಿಂದಲೇ ಇದನ್ನು ಶುರು ಮಾಡಬಹುದು. ಅಂದಹಾಗೆ, ಬೀದಿದೀಪಕ್ಕೆ ಪಾಲಿಕೆಗೆ ಅರ್ಜಿ ಕೊಟ್ಟಿದ್ದೀರಾ? ಅದಕ್ಕೆ ಫೀಸು ಇಲ್ಲ.

ಪ್ರಶ್ನೆ: ತಿರುಗಿ ಹೊಡೆದು ಅವನಿಗೇ ಪೆಟ್ಟಾದರೆ ಕೇಸು ನನ್ನ ಮೇಲೆ ಬೀಳುತ್ತಾ?
– ಕಾಲೇಜು ವಿದ್ಯಾರ್ಥಿನಿ, ಶಿರಸಿ

ಉತ್ತರ: ನಾನು ವಕೀಲೆಯಲ್ಲ. ಆದರೆ ಭಾರತೀಯ ನ್ಯಾಯ ಸಂಹಿತೆಯ 34ನೇ ಕಲಂ ಪ್ರಕಾರ ಆತ್ಮರಕ್ಷಣೆಗೆ ಮಾಡಿದ್ದು ಅಪರಾಧ ಅಲ್ಲ. 37ನೇ ಕಲಂ ಅದಕ್ಕೊಂದು ಗೆರೆ ಎಳೆಯುತ್ತದೆ: ಬೇಕಾದಷ್ಟೇ, ಜಾಸ್ತಿ ಇಲ್ಲ. ತಪ್ಪಿಸಿಕೊಳ್ಳಲು ಮೊಣಕಾಲಿನಿಂದ ಗುದ್ದಿದರೆ ಅದು ರಕ್ಷಣೆ. ಬಿದ್ದು ಸುಮ್ಮನಾದವನನ್ನು ಮತ್ತೆ ಮತ್ತೆ ಒದ್ದರೆ ಅಲ್ಲ. ತಪ್ಪಿಸಿಕೊಂಡ ಕೂಡಲೇ 112ಕ್ಕೆ ಕರೆ ಮಾಡಿ. ಆಗ ಕೈ ಎಷ್ಟು ನಡುಗುತ್ತದೆ ಅಂದರೆ ಫೋನಿನ ಲಾಕ್ ತೆಗೆಯೋದೇ ಕಷ್ಟ. ಲಾಕ್ ತೆಗೆಯದೆ ತುರ್ತು ಕರೆ ಹೋಗುವ ಗುಂಡಿ ನಿಮ್ಮ ಫೋನಿನಲ್ಲಿ ಎಲ್ಲಿದೆ ಅಂತ ಇವತ್ತೇ ನೋಡಿಟ್ಟುಕೊಳ್ಳಿ.