ವೈದ್ಯರ ಶುಲ್ಕಕ್ಕೆ ಸರ್ಕಾರದ ಸಹಾಯಧನ: ಲಾಭ ಯಾರಿಗೆ?

ಪ್ರಶ್ನೆ: ಖಾಸಗಿ ವೈದ್ಯರಿಗೆ ರೋಗಿ ಕೊಡಬೇಕಾದ ಶುಲ್ಕದ ಒಂದು ಪಾಲನ್ನು ಕೆಲವು ದೇಶಗಳಲ್ಲಿ ಸರ್ಕಾರವೇ ಭರಿಸುತ್ತದೆ ಎಂದು ಓದಿದೆ. ಇದು ಗೊತ್ತಾದ ಮೇಲೆ ವೈದ್ಯರು ಶುಲ್ಕವನ್ನೇ ಏರಿಸಿದರೆ ರೋಗಿಗೆ ಆಗುವ ಲಾಭವೇನು? ಪುಕ್ಕಟೆಯಾದರೆ ಸಣ್ಣ ನೆಗಡಿಗೂ ಜನ ಸಾಲುಗಟ್ಟುವುದಿಲ್ಲವೇ?

ಉತ್ತರ: ನಿಮ್ಮ ಮೊದಲ ಸಂದೇಹ ನ್ಯಾಯವಾದದ್ದು. ಸಹಾಯಧನ ಎಷ್ಟು ಎಂಬುದಕ್ಕಿಂತ, ಅದನ್ನು ಪಡೆದ ವೈದ್ಯರು ರೋಗಿಯಿಂದ ಮತ್ತೆ ಹಣ ಕೇಳಬಹುದೇ ಎಂಬುದೇ ಇಲ್ಲಿ ಮುಖ್ಯ. 1984ರಲ್ಲಿ ಜಾರಿಗೆ ಬಂದ ಆಸ್ಟ್ರೇಲಿಯದ ‘ಮೆಡಿಕೇರ್’ ವ್ಯವಸ್ಥೆಯಲ್ಲಿ ‘ಬಲ್ಕ್ ಬಿಲ್ಲಿಂಗ್’ ಎಂಬ ಪದ್ಧತಿಯಿದೆ. ಸರ್ಕಾರ ಗೊತ್ತುಪಡಿಸಿದ ಮೊತ್ತವನ್ನೇ ಪೂರ್ಣ ಶುಲ್ಕವೆಂದು ಒಪ್ಪಿಕೊಂಡ ವೈದ್ಯರು ಆ ಭೇಟಿಗಾಗಿ ರೋಗಿಯಿಂದ ಏನನ್ನೂ ಪಡೆಯುವಂತಿಲ್ಲ. ಒಪ್ಪದಿದ್ದರೆ ತಮಗೆ ಸರಿಕಂಡ ಶುಲ್ಕ ಹಾಕಬಹುದು. ಆಗ ಸರ್ಕಾರದ ಪಾಲನ್ನು ಬಿಟ್ಟು ಉಳಿದುದೆಲ್ಲ ರೋಗಿಯ ತಲೆಯ ಮೇಲೆ. ನೀವು ಹೇಳುವ ಅಪಾಯವಿರುವುದು ಈ ಎರಡನೆಯ ದಾರಿಯಲ್ಲಿ.

ಆದರೆ ವೈದ್ಯರ ದುರಾಸೆಯೊಂದನ್ನೇ ದೂರುವುದು ಸರಿಯಲ್ಲ. ಬಾಡಿಗೆ, ದಾದಿಯರ ಸಂಬಳ, ಸಲಕರಣೆಗಳ ಬೆಲೆ ವರ್ಷವರ್ಷವೂ ಏರುತ್ತಿರುವಾಗ ಸಹಾಯಧನ ಮಾತ್ರ ನಿಂತಲ್ಲೇ ನಿಂತರೆ, ನಡುವಿನ ಅಂತರವನ್ನು ಯಾರಾದರೂ ತುಂಬಲೇಬೇಕಾಗುತ್ತದೆ. ನ್ಯೂಜಿಲೆಂಡ್ 1941ರಲ್ಲಿ ಪ್ರತಿ ಭೇಟಿಗೆ ಏಳೂವರೆ ಶಿಲ್ಲಿಂಗ್ ಗೊತ್ತುಮಾಡಿತು. ವೈದ್ಯರು ಅದರ ಮೇಲೆ ತಮ್ಮ ಶುಲ್ಕವನ್ನು ಸೇರಿಸಬಹುದಾಗಿತ್ತು. ದಶಕಗಳು ಕಳೆದಂತೆ ಆ ಸಹಾಯಧನದ ಬೆಲೆ ಕರಗಿ, ರೋಗಿಯ ಪಾಲು ಬೆಳೆಯಿತು. ಆಸ್ಟ್ರೇಲಿಯದಲ್ಲಿಯೂ 2013ರಿಂದ ಕೆಲವು ವರ್ಷ ಈ ಮೊತ್ತವನ್ನು ಏರಿಸದೆ ತಡೆಹಿಡಿಯಲಾಗಿತ್ತು. ಬೆಲೆಯೇರಿಕೆಗೆ ತಕ್ಕಂತೆ ತಾನಾಗಿ ಏರದ ಸಹಾಯಧನವೆಂದರೆ, ಘೋಷಣೆಯಿಲ್ಲದೆ ಪ್ರತಿ ವರ್ಷವೂ ಕಡಿತವಾಗುವ ಸಹಾಯಧನವೆಂದೇ ನನ್ನ ಎಣಿಕೆ.

ಹಣ ಯಾವಾಗ ಕೈಸೇರುತ್ತದೆ ಎಂಬುದೂ ಸಣ್ಣ ವಿಷಯವಲ್ಲ. ಫ್ರಾನ್ಸಿನಲ್ಲಿ ಸಾಮಾನ್ಯ ವೈದ್ಯರ ನಿಗದಿತ ಶುಲ್ಕದ 70 ಪ್ರತಿಶತವನ್ನು ಸಾರ್ವಜನಿಕ ವಿಮೆ ಕೊಡುತ್ತದೆಯಾದರೂ, ರೋಗಿ ಮೊದಲು ಪೂರ್ತಿ ಹಣ ತೆತ್ತು ಬಳಿಕ ಮರಳಿ ಪಡೆಯುವುದು ಅಲ್ಲಿನ ಹಳೆಯ ರೂಢಿ. ನಾಳೆ ಬರುವ ಹಣದಿಂದ ಇಂದು ಬರಿಗೈಯಲ್ಲಿರುವವನಿಗೆ ಏನು ಉಪಯೋಗ? ಆದ್ದರಿಂದ ಬಡವರಿಗಾದರೂ ವಿಮೆಯೇ ವೈದ್ಯರಿಗೆ ನೇರವಾಗಿ ಹಣ ಕೊಡುವ ಏರ್ಪಾಡು ಅಲ್ಲಿದೆ.

ಇನ್ನು ಸಾಲುಗಟ್ಟುವ ಮಾತು. ಪುಕ್ಕಟೆಯಾದರೆ ಭೇಟಿಗಳು ಹೆಚ್ಚುತ್ತವೆ, ನಿಜ. ಅಮೆರಿಕದಲ್ಲಿ 1970ರ ದಶಕದಲ್ಲಿ ಆರಂಭವಾದ ರ‍್ಯಾಂಡ್ ಸಂಸ್ಥೆಯ ವಿಮಾ ಪ್ರಯೋಗದಲ್ಲಿ, ಕೈಯಿಂದ ಹಣ ತೆರಬೇಕಾದವರು ವೈದ್ಯರ ಬಳಿ ಹೋಗುವುದನ್ನು ಕಡಿಮೆ ಮಾಡಿದರು. ಆದರೆ ಅನಗತ್ಯ ಭೇಟಿಯ ಜೊತೆಗೆ ಅಗತ್ಯವಾದದ್ದನ್ನೂ ಬಿಟ್ಟರು. ಸರಾಸರಿ ಆರೋಗ್ಯದಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲವೆಂಬುದನ್ನೂ ಹೇಳಬೇಕು. ಆದರೂ ರಕ್ತದೊತ್ತಡವಿದ್ದ ಬಡವರಲ್ಲಿ ಉಚಿತ ಚಿಕಿತ್ಸೆ ಪಡೆದವರ ಒತ್ತಡ ಹೆಚ್ಚು ಹತೋಟಿಗೆ ಬಂದಿತ್ತು. ನೆಗಡಿಯೋ ನ್ಯುಮೋನಿಯಾವೋ ಎಂದು ತಿಳಿಯುವುದಕ್ಕೇ ಅಲ್ಲವೇ ರೋಗಿ ವೈದ್ಯರ ಬಳಿ ಹೋಗುವುದು? ಜರ್ಮನಿ 2004ರಲ್ಲಿ ಮೂರು ತಿಂಗಳಿಗೊಮ್ಮೆ 10 ಯೂರೋ ಭೇಟಿ ಶುಲ್ಕ ವಿಧಿಸಿ, ಅದರ ಲೆಕ್ಕಪತ್ರದ ಗೋಜಲೂ ಸೇರಿ ಫಲ ಸಾಲದೆಂದು 2012ರ ಕೊನೆಗೆ ಕೈಬಿಟ್ಟಿತು.

ಭೇಟಿಯ ಲೆಕ್ಕದ ಬದಲು, ನೋಂದಾಯಿಸಿಕೊಂಡ ರೋಗಿಯೊಬ್ಬನಿಗೆ ವರ್ಷಕ್ಕೆ ಇಷ್ಟೆಂದು ಕೊಡುವ ಪದ್ಧತಿಯೂ ಇದೆ. ಅದರಲ್ಲಿ ಸುಮ್ಮನೆ ಮತ್ತೆ ಮತ್ತೆ ಕರೆಸುವ ಆಸೆ ವೈದ್ಯರಿಗೆ ಇರುವುದಿಲ್ಲ; ಬದಲಿಗೆ ಬಂದವರನ್ನು ಬೇಗ ಸಾಗಹಾಕುವ ಆಸೆ ಹುಟ್ಟಬಹುದು. ಹಾಗಾಗಿ ವಯಸ್ಸಾದವರಿಗೆ, ದೀರ್ಘಕಾಲದ ಕಾಯಿಲೆಯವರಿಗೆ ಹೆಚ್ಚಿನ ಮೊತ್ತ ನಿಗದಿ ಮಾಡುವುದು ಅವಶ್ಯ.