ಜಮೀನಿನ ಜೊತೆಯಲ್ಲೇ ಬರುವ ಕಾಗದಗಳು

ಮ್ಯಾಡಿಸನ್‌ನ ಕೆಲಸವನ್ನು ಬಿಡದೆಯೇ ವಿಸ್ಕಾನ್ಸಿನ್‌ನ ಅಯೋವಾ ಕೌಂಟಿಯಲ್ಲಿ, ಡಾಡ್ಜ್‌ವಿಲ್ ಊರಿನಾಚೆ, ಮೂವತ್ತು ಎಕರೆ ಗುಡ್ಡಗಾಡನ್ನೂ ಅದರ ನಡುವಿನ ಮನೆಯನ್ನೂ ನೀವು ಕೊಂಡಿರುವ ಸಂಗತಿ ತಿಳಿದು ಸಂತೋಷವಾಯಿತು. ಊರಿಗೆ ಹೇಳುವಾಗ ಇದು ಪಕ್ಕದ ಅಯೋವಾ ರಾಜ್ಯವಲ್ಲವೆಂದು ಸ್ಪಷ್ಟಪಡಿಸಿಬಿಡಿ. ಇಲ್ಲವಾದರೆ ನನ್ನ ಅಣ್ಣನಂತೆ ಅವರೂ ಹತ್ತು ವರ್ಷ ಬೇರೆ ರಾಜ್ಯದ ಹವಾಮಾನವನ್ನೇ ವಿಚಾರಿಸುತ್ತಿರುತ್ತಾರೆ.

ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ, ಅಂದರೆ ಇಲ್ಲಿಯವರೆಲ್ಲ ಡಿಎನ್‌ಆರ್ ಎಂದು ಕರೆಯುವ ಇಲಾಖೆ, ಬೇಟೆ, ಕಾಡು, ಬಾವಿ, ಬೆಂಕಿ ಎಂದು ಕಳುಹಿಸುವ ಪ್ರಕಟಣೆಗಳು ರಾಶಿ ಬೀಳುತ್ತಿವೆಯೆಂದೂ, ಮಾಂಸ ತಿನ್ನದ, ಬೇಸಾಯವನ್ನೂ ಮಾಡದ ನಿಮಗೆ ಅವುಗಳಿಂದ ಏನಾಗಬೇಕಾಗಿದೆಯೆಂದೂ ಕೇಳಿದ್ದೀರಿ. ನವೆಂಬರ್‌ನಲ್ಲಿ ನಿಮ್ಮ ಕಾಡಿನಲ್ಲಿ ಜಿಂಕೆ ಹೊಡೆಯಲು ಪಕ್ಕದ ಡೈರಿಯ ಯಜಮಾನರು ಅನುಮತಿ ಬೇಡಿದ್ದಾರೆ, ಏನು ಹೇಳಲಿ ಎಂಬುದು ನಿಮ್ಮ ಇನ್ನೊಂದು ಪ್ರಶ್ನೆ. ಇಪ್ಪತ್ತೆರಡು ವರ್ಷದ ಹಿಂದೆ ನಾನೂ ಇದೇ ಗೊಂದಲದಲ್ಲಿದ್ದೆ. ಆ ಪ್ರಕಟಣೆಗಳು ಕಳುಹಿಸಲ್ಪಡುವುದು ಬೇಟೆಗಾರನಿಗೋ ರೈತನಿಗೋ ಮಾತ್ರವಲ್ಲ, ಜಮೀನಿನ ಒಡೆಯನಿಗೆ. ಆದ್ದರಿಂದ ಅವುಗಳನ್ನು ಓದದೆ ಬದಿಗಿಡಬೇಡಿ.

ನನಗೆ ಇದು ತಿಳಿದದ್ದು ಸ್ವಲ್ಪ ಅವಮಾನದ ಮೂಲಕ. ಜಾಗ ಕೊಂಡ ಮೊದಲ ನವೆಂಬರ್‌ನಲ್ಲಿ ಕಿತ್ತಳೆ ಅಂಗಿ ತೊಟ್ಟ ಮೂವರು ನಮ್ಮ ಓಕ್ ಮರಗಳ ನಡುವೆ ಕೋವಿ ಹಿಡಿದು ನಡೆಯುತ್ತಿರುವುದನ್ನು ಕಂಡು, ತೀರ್ಥಹಳ್ಳಿಯ ಅಡಿಕೆ ತೋಟದಲ್ಲಿ ಕಳ್ಳನನ್ನು ಕಂಡವನಂತೆ ಕೂಗಾಡಿದೆ. ಅವರಲ್ಲಿ ಹಿರಿಯರೊಬ್ಬರು ಕೋಪಿಸಿಕೊಳ್ಳದೆ ಒಂದು ನಕ್ಷೆಯನ್ನು ಬಿಡಿಸಿ, ನನ್ನ ಕಾಡು ಮ್ಯಾನೇಜ್ಡ್ ಫಾರೆಸ್ಟ್ ಲಾ ಎಂಬ ಯೋಜನೆಯಡಿ 'ತೆರೆದ' ಜಾಗವಾಗಿದೆಯೆಂದು ತೋರಿಸಿದರು. 1985ರಲ್ಲಿ ಬಂದ ಈ ಕಾನೂನಿನಡಿ ಕಾಡನ್ನು 25 ಅಥವಾ 50 ವರ್ಷಗಳ ಅವಧಿಗೆ ಸೇರಿಸಿದರೆ ಆಸ್ತಿ ತೆರಿಗೆ ಬಹಳ ಇಳಿಯುತ್ತದೆ. ಅದಕ್ಕೆ ಪ್ರತಿಯಾಗಿ ಇಲಾಖೆ ಒಪ್ಪಿದ ಯೋಜನೆಯಂತೆ ಮರ ಕಡಿಯಬೇಕು, ಕಡಿಯುವ ಮೊದಲು ತಿಳಿವಳಿಕೆ ಪತ್ರ ಕೊಡಬೇಕು. ಜಾಗವನ್ನು 'ತೆರೆದ'ದ್ದೆಂದು ನಮೂದಿಸಿದರೆ ತೆರಿಗೆ ಇನ್ನೂ ಕಡಿಮೆ, ಆದರೆ ಬೇಟೆ, ಮೀನುಗಾರಿಕೆ, ನಡಿಗೆ, ಹಿಮದ ಮೇಲಿನ ಸ್ಕೀಯಿಂಗ್ ಇವುಗಳಿಗಾಗಿ ಕಾಲ್ನಡಿಗೆಯಲ್ಲಿ ಬರುವ ಯಾರನ್ನೂ ತಡೆಯುವಂತಿಲ್ಲ. ಒಡೆಯ ಬದಲಾದ ಮಾತ್ರಕ್ಕೆ ಈ ಕಟ್ಟುಪಾಡು ಹೋಗುವುದಿಲ್ಲ; ಪಹಣಿಯ ಹನ್ನೊಂದನೇ ಕಾಲಂನ ಋಣದಂತೆ ಅದು ಜಮೀನಿನ ಜೊತೆಯಲ್ಲೇ ಬರುತ್ತದೆ. ಮಾರಿದವರು ಕೊಟ್ಟ ಕಾಗದಗಳಲ್ಲಿ ಇದೆಲ್ಲ ಇತ್ತು, ನಾನು ಓದಿರಲಿಲ್ಲ ಅಷ್ಟೆ. ಹೊಸದಾಗಿ ಸೇರಲು ಈಗ ಕನಿಷ್ಠ 20 ಎಕರೆ ಬೇಕು. ನಿಮ್ಮ ಮೂವತ್ತು ಎಕರೆ ಹಿಂದಿನವರ ಕಾಲದಲ್ಲೇ ಸೇರಿರಬಹುದಾದ್ದರಿಂದ, ಬೇರೆ ಯಾವ ಕೆಲಸಕ್ಕೂ ಮೊದಲು ಆಸ್ತಿ ತೆರಿಗೆಯ ಬಿಲ್ಲನ್ನೂ ಕ್ರಯಪತ್ರದ ದಾಖಲೆಗಳನ್ನೂ ತೆಗೆದು ನೋಡಿ.

ಸೇರಿಲ್ಲದಿದ್ದರೆ ಬಾಗಿಲು ನಿಮ್ಮ ಕೈಯಲ್ಲಿದೆ. ಈ ರಾಜ್ಯದಲ್ಲಿ ಖಾಸಗಿ ಜಾಗಕ್ಕೆ ಫಲಕ ಹಾಕಿರಲಿ ಬಿಡಲಿ, ಒಡೆಯನ ಒಪ್ಪಿಗೆಯಿಲ್ಲದೆ ಕಾಲಿಡುವಂತಿಲ್ಲ. ಗಾಯಗೊಂಡ ಜಿಂಕೆ ನಿಮ್ಮ ಬೇಲಿ ದಾಟಿ ಬಿದ್ದರೂ ಅದನ್ನು ತರಲು ಬೇಟೆಗಾರ ನಿಮ್ಮನ್ನು ಕೇಳಲೇಬೇಕು. ನಿಮ್ಮ ನೆರೆಯವರು ಬಂದು ಕೇಳಿರುವುದು ಮರ್ಯಾದೆಯ ಕ್ರಮ, ನೀವು ಒಲ್ಲೆನೆಂದರೆ ಅವರು ಮುನಿಸಿಕೊಳ್ಳಲಾರರು. ಆದರೂ ಒಪ್ಪಿಕೊಳ್ಳಿ ಎಂಬುದೇ ನನ್ನ ಸಲಹೆ. 1972ರ ವನ್ಯಜೀವಿ ಕಾಯ್ದೆಯ ನಂತರ ಹುಟ್ಟಿದ ನಮಗೆ ಶಿಕಾರಿಯೆಂದರೆ ಅಜ್ಜನ ಕಾಲದ ಕಥೆ, ಇಲ್ಲವೇ ಅಪರಾಧ. ಇಲ್ಲಿ ಅದು ಕಾಡಿನ ನಿರ್ವಹಣೆಯ ಅಂಗ. 2003ರಲ್ಲಿ ಬೇಟೆಯ ಹಕ್ಕನ್ನು ರಾಜ್ಯದ ಸಂವಿಧಾನಕ್ಕೇ ಸೇರಿಸಿದ್ದಾರೆ. ತೋಳಗಳು ಉತ್ತರದ ಕಾಡುಗಳಿಗೆ ಮರಳಿವೆಯಾದರೂ ನಮ್ಮ ದಕ್ಷಿಣದ ಗುಡ್ಡಗಳಲ್ಲಿ ಜಿಂಕೆಯ ಸಂಖ್ಯೆಯನ್ನು ಹಿಡಿತದಲ್ಲಿಡುವುದು ಬಹುಮಟ್ಟಿಗೆ ಬೇಟೆಗಾರರೇ. ಅವರು ಬಾರದ ಕಾಡಿನಲ್ಲಿ ಓಕ್ ಸಸಿಯೊಂದು ಮೊಣಕಾಲೆತ್ತರಕ್ಕೆ ಏಳುವುದನ್ನು ನಾನು ಕಂಡಿಲ್ಲ. ಜಿಂಕೆ, ಕರಡಿ, ಹೆಬ್ಬಾತುಗಳು ಬೆಳೆ ತಿಂದರೆ ರೈತನಿಗೆ ಪರಿಹಾರ ಕೊಡುವ ಯೋಜನೆಯೂ ನಡೆಯುವುದು ಬೇಟೆಯ ಲೈಸೆನ್ಸಿನ ಮೇಲಿನ ಹೆಚ್ಚುವರಿ ಶುಲ್ಕದಿಂದ, ಮತ್ತು ಪರಿಹಾರ ಪಡೆಯುವವನು ತನ್ನ ಜಮೀನಿನಲ್ಲಿ ಬೇಟೆಗೆ ಅವಕಾಶ ಕೊಡಬೇಕೆಂಬ ಷರತ್ತು ಅದಕ್ಕಿದೆ. ಕಾಡುಹಂದಿ ನುಗ್ಗಿದ ಗದ್ದೆಗೆ ಪರಿಹಾರ ಕೇಳಿ ಅರಣ್ಯ ಇಲಾಖೆಯ ಕಚೇರಿಗೆ ಅಲೆದ ನಮ್ಮ ಚಿಕ್ಕಪ್ಪನಿಗೆ ಇದನ್ನು ವಿವರಿಸಿದಾಗ ಅವರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು.

ಒಪ್ಪಿಗೆಯನ್ನು ಬರಹದಲ್ಲೇ ಕೊಡಿ: ಯಾರು ಬರಬಹುದು, ಯಾವ ದಿನಗಳು, ಮನೆಯಿಂದ ಎಷ್ಟು ದೂರ. ಒಡೆಯನ ಅನುಮತಿಯಿಲ್ಲದೆ ವಾಸದ ಕಟ್ಟಡದಿಂದ 100 ಗಜದೊಳಗೆ ಗುಂಡು ಹಾರಿಸುವುದು ಕಾನೂನಿನಂತೆ ತಪ್ಪು, ನೀವು ಇನ್ನೂ ಹೆಚ್ಚು ದೂರವನ್ನು ಕೇಳಬಹುದು. ಕೋವಿಯ ಋತು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಆರಂಭವಾಗಿ ಒಂಬತ್ತು ದಿನ ನಡೆಯುತ್ತದೆ. ಬಿಲ್ಲುಬಾಣದ ಋತು ಸೆಪ್ಟೆಂಬರ್ ನಡುವಿನಲ್ಲೇ ಶುರುವಾಗಿರುತ್ತದೆ. ಆ ಒಂಬತ್ತು ದಿನ ಅಂಚೆಪೆಟ್ಟಿಗೆಯವರೆಗೆ ಹೋಗುವಾಗಲೂ ಮಕ್ಕಳಿಗೆ ಕಿತ್ತಳೆ ಬಣ್ಣದ ಜಾಕೆಟ್ ತೊಡಿಸಿ. ನೀವಾಗಿ ಕೋವಿ ಮುಟ್ಟುವ ಯೋಚನೆಯಿದ್ದರೆ ಮೊದಲು ವೀಸಾ ನೋಡಿಕೊಳ್ಳಿ: ಎಚ್–1ಬಿಯಂಥ ತಾತ್ಕಾಲಿಕ ವೀಸಾದವರು ಕೋವಿ ಹೊಂದುವುದು ಕೇಂದ್ರ ಕಾನೂನಿನ ಪ್ರಕಾರ ಸಾಮಾನ್ಯವಾಗಿ ನಿಷಿದ್ಧ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಅದಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ಒಂದು.

ಹಿತ್ತಲಿಗೆ ಬರುವ ಜಿಂಕೆಗಳಿಗೆ ಮಕ್ಕಳು ಮೆಕ್ಕೆಜೋಳ ಹಾಕುತ್ತಾರೆಂದು ಬರೆದಿದ್ದೀರಿ. ಅದನ್ನು ಇಂದೇ ನಿಲ್ಲಿಸಿ. ಸಿಡಬ್ಲ್ಯೂಡಿ ಎಂಬ, ಜಿಂಕೆಯ ಮೆದುಳನ್ನು ಸವೆಸಿ ಕೊಲ್ಲುವ ರೋಗ ಈ ರಾಜ್ಯದಲ್ಲಿ ಮೊದಲು ಪತ್ತೆಯಾದದ್ದು 2002ರಲ್ಲಿ, ನಿಮ್ಮ ಮನೆಗೂ ಮ್ಯಾಡಿಸನ್‌ಗೂ ನಡುವಿನ ಮೌಂಟ್ ಹೋರೆಬ್ ಹತ್ತಿರ ಬೇಟೆಯಾದ ಜಿಂಕೆಗಳಲ್ಲಿ. ರೋಗಕ್ಕೆ ಕಾರಣವಾದ ಪ್ರಿಯಾನ್ ಎಂಬ ಪ್ರೋಟೀನು ಎಂಜಲಿನಿಂದ ಹರಡುತ್ತದೆ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಬೇಯಿಸಿದರೂ ನಾಶವಾಗುವುದಿಲ್ಲ. ಹತ್ತಾರು ಜಿಂಕೆಗಳು ಒಂದೇ ಕಡೆ ಮೂತಿಯಿಡುವಂತೆ ಮಾಡುವುದು ಅದಕ್ಕೆ ಹಾದಿ ಮಾಡಿಕೊಟ್ಟಂತಾದ್ದರಿಂದ ನಿಮ್ಮ ಕೌಂಟಿಯಲ್ಲಿ ಜಿಂಕೆಗೆ ಆಹಾರ ಹಾಕುವುದು ನಿಷಿದ್ಧ. ಮನುಷ್ಯರಿಗೆ ಈ ರೋಗ ತಗುಲಿದ್ದು ಇದುವರೆಗೆ ದೃಢಪಟ್ಟಿಲ್ಲ. ಆದರೂ ಸೋಂಕಿತ ಮಾಂಸ ತಿನ್ನಬಾರದೆಂಬುದು ಆರೋಗ್ಯ ಇಲಾಖೆಗಳ ಸಲಹೆ, ಬೇಟೆಗಾರರು ಜಿಂಕೆಯ ತಲೆಯನ್ನು ಪರೀಕ್ಷೆಗೆ ಕೊಡುವುದು ಇದಕ್ಕಾಗಿ. ನೆರೆಯವರಿಗೆ ಆ ಪರೀಕ್ಷೆಯನ್ನೂ ಒಂದು ಷರತ್ತಾಗಿ ಹಾಕಬಹುದು.

ನೀವು ಕೇಳದೇ ಇರುವ, ಆದರೆ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ವಿಷಯ ಬಾವಿ. ಖಾಸಗಿ ಬಾವಿಯ ನೀರನ್ನು ಇಲ್ಲಿ ಸರ್ಕಾರ ಪರೀಕ್ಷಿಸುವುದಿಲ್ಲ, ಹೊಣೆ ನಿಮ್ಮದೇ. ಸುತ್ತಲೂ ಗೊಬ್ಬರ ಹಾಕುವ ಮೆಕ್ಕೆಜೋಳದ ಹೊಲಗಳು, ಕೆಳಗೆ ಬಿರುಕುಬಿಟ್ಟ ಸುಣ್ಣಕಲ್ಲು. ಹಾಗಾಗಿ ನೈಟ್ರೇಟ್ ಇಳಿಯುವುದು ಸುಲಭ. ಅದರ ಮಿತಿ ಲೀಟರಿಗೆ 10 ಮಿಲಿಗ್ರಾಂ. ಅದನ್ನು ಮೀರಿದ ನೀರಿನಲ್ಲಿ ಕಲಸಿದ ಹಾಲು ಆರು ತಿಂಗಳೊಳಗಿನ ಶಿಶುವಿನ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಕುಂದಿಸಬಲ್ಲದು. ನಾವು ಊರಿನಿಂದ ತಂದ ಅಭ್ಯಾಸ, ನೀರನ್ನು ಕುದಿಸಿ ಆರಿಸಿ ಕುಡಿಯುವುದು, ಇಲ್ಲಿ ಕೈಕೊಡುತ್ತದೆ: ಕುದಿಸಿದಾಗ ನೀರು ಆವಿಯಾಗಿ ನೈಟ್ರೇಟ್ ಇನ್ನಷ್ಟು ಸಾಂದ್ರವಾಗುತ್ತದೆ. ನಿಮ್ಮ ಸೊಸೆ ಬಾಣಂತನಕ್ಕೆ ಇಲ್ಲಿಗೇ ಬರುವರೆಂದಿದ್ದೀರಿ. ಅದಕ್ಕೆ ಮೊದಲೇ ನೈಟ್ರೇಟ್ ಮತ್ತು ಬ್ಯಾಕ್ಟೀರಿಯಾ ಪರೀಕ್ಷೆ ಮಾಡಿಸಿ, ಮುಂದೆ ವರ್ಷಕ್ಕೊಮ್ಮೆ ತಪ್ಪಿಸಬೇಡಿ.

ತರಗೆಲೆ ಸುಡುವ ಮೊದಲು ಪರವಾನಗಿ ಬೇಕೇ ಎಂದು ವಿಚಾರಿಸಿ, ಹಿಮ ಕರಗಿದ ವಸಂತದಲ್ಲಂತೂ ತಪ್ಪದೆ. ಹುಲ್ಲಿನಲ್ಲಿ ಓಡಾಡಿ ಬಂದ ಮೇಲೆ ಮೈಯೆಲ್ಲ ನೋಡಿಕೊಳ್ಳಿ; ಮಂಗನ ಕಾಯಿಲೆಯ ಸೀಮೆಯಿಂದ ಬಂದ ನನಗೆ ಉಣುಗಿನ ಭಯವನ್ನು ಯಾರೂ ಕಲಿಸಬೇಕಾಗಿರಲಿಲ್ಲ, ಇಲ್ಲಿನ ಉಣುಗು ತರುವುದು ಲೈಮ್ ರೋಗವನ್ನು.

ಇನ್ನೊಂದು ಮಾತು. 1934ರಿಂದ ಇರುವ ಕನ್ಸರ್ವೇಶನ್ ಕಾಂಗ್ರೆಸ್ ಎಂಬ ನಾಗರಿಕ ಸಂಸ್ಥೆಗೆ 72 ಕೌಂಟಿಗಳಿಂದಲೂ ತಲಾ ಐವರು ಪ್ರತಿನಿಧಿಗಳಿರುತ್ತಾರೆ. ಪ್ರತಿ ಏಪ್ರಿಲ್‌ನಲ್ಲಿ ಕೌಂಟಿ ಕೌಂಟಿಯಲ್ಲೂ ಸಭೆ ಸೇರಿ ಬೇಟೆ, ಮೀನು, ಕಾಡಿನ ನಿಯಮಗಳ ಬಗ್ಗೆ ಜನರ ಅಭಿಪ್ರಾಯ ಕೇಳುತ್ತಾರೆ. ನಮ್ಮ ಗ್ರಾಮಸಭೆಯನ್ನು ನೆನೆಸಿಕೊಳ್ಳಿ, ಗದ್ದಲ ಮಾತ್ರ ಕಡಿಮೆ. ಅಲ್ಲಿ ಅಭಿಪ್ರಾಯ ಹೇಳಲು ಬೇಟೆಗಾರನಾಗಿರಬೇಕಿಲ್ಲ, ಪೌರತ್ವವನ್ನೂ ಕೇಳಿದ್ದನ್ನು ನಾನು ಕಂಡಿಲ್ಲ. ನಿಮ್ಮ ನೆರೆಯವರೂ ಅಲ್ಲಿಗೆ ಬರುವ ಸಂಭವವಿದೆ. ನವೆಂಬರ್ ಮುಗಿದ ಮೇಲೆ ಅವರು ಜಿಂಕೆಯ ಮಾಂಸದ ಪೊಟ್ಟಣ ತಂದುಕೊಟ್ಟರೆ ಬೇಡವೆಂದು ಹೇಳಲು ಸಂಕೋಚ ಪಡಬೇಡಿ. ನನಗೆ ಅದರ ಬದಲು ಪ್ರತಿ ಮಾರ್ಚ್‌ನಲ್ಲಿ ಒಂದು ಬಾಟಲಿ ಮೇಪಲ್ ಪಾಕ ಬರುತ್ತದೆ, ದೋಸೆಗೆ ಜೋನಿ ಬೆಲ್ಲದ ಹತ್ತಿರ ಹತ್ತಿರ ಸಲ್ಲುತ್ತದೆ.