ಪ್ರತಿಕ್ರಿಯೆ: ‘ಸೆಟಲ್ಡ್’ ಬೇರೆ, ‘ಕ್ಲೋಸ್ಡ್’ ಬೇರೆ

ಬೈಕ್ ಸಾಲ ಪೂರ್ತಿ ತೀರಿಸಿ ಎನ್‌ಒಸಿ (ಬಾಕಿ ಏನೂ ಇಲ್ಲ ಅನ್ನೋ ಪತ್ರ) ಕೈಲಿದ್ದರೂ ಸಿಬಿಲ್‌ (ನಮ್ಮ ಸಾಲದ ದಾಖಲೆ ಇಟ್ಟು ಸ್ಕೋರ್ ಕೊಡೋ ಸಂಸ್ಥೆ) ವರದಿಯಲ್ಲಿ ‘ಸೆಟಲ್ಡ್’ ಅಂತಿದೆ, ಆ ವರದಿಯನ್ನ ನಾನೇ ಪದೇ ಪದೇ ನೋಡಿದರೆ ಸ್ಕೋರ್ ಇಳಿಯುತ್ತಾ ಅಂತ ಕೇಳಿದ್ದೀರಿ. ಇಳಿಯಲ್ಲ. ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕಿನವರು ನೋಡೋದಷ್ಟೇ ಲೆಕ್ಕಕ್ಕೆ ಬರುತ್ತೆ.

ನಿಜವಾದ ತಲೆನೋವು ಆ ಪದ. ಸಾಲ ಕೊಟ್ಟವರು ಬಾಕಿಯಲ್ಲಿ ಒಂದಿಷ್ಟು ಬಿಟ್ಟುಕೊಟ್ಟು ಕೈತೊಳೆದುಕೊಂಡರು ಅಂತ ಅದರರ್ಥ. ನಿಮಗೆ ಬೇಕಾದ್ದು ‘ಕ್ಲೋಸ್ಡ್’ (ಸಾಲ ಪೂರ್ತಿ ತೀರಿದೆ), ಬಾಕಿ 0. ಸಿಬಿಲ್ ವೆಬ್‌ಸೈಟಿನಲ್ಲಿ ಆ ಖಾತೆಯ ಮೇಲೆ ಡಿಸ್ಪ್ಯೂಟ್ (ತಪ್ಪಿದೆ ಅನ್ನೋ ದೂರು) ಹಾಕಿ. ಜೊತೆಗೇ ಎನ್‌ಒಸಿ, ಸಾಲದ ಸ್ಟೇಟ್‌ಮೆಂಟ್ ಲಗತ್ತಿಸಿ ಫೈನಾನ್ಸ್ ಕಂಪನಿಗೂ ಇಮೇಲ್ ಮಾಡಿ; ಅವರು ಒಪ್ಪದೆ ಸಿಬಿಲ್ ತಾನಾಗಿ ಒಂದಕ್ಷರ ತಿದ್ದಲ್ಲ. ದೂರು ಬಗೆಹರಿಯದೆ 30 ದಿನ ದಾಟಿದರೆ ಆರ್‌ಬಿಐ ನಿಯಮದಂತೆ ದಿನಕ್ಕೆ ₹100 ಪರಿಹಾರ ಕೇಳಬಹುದು. ಸಿಬಿಲ್‌ನಂಥದೇ ಸಂಸ್ಥೆಗಳಾದ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ವರದಿಗಳನ್ನೂ ತೆಗೆದು ನೋಡಿ, ಸಿಬಿಲ್ ಸೇರಿ ನಾಲ್ಕೂ ವರ್ಷಕ್ಕೊಮ್ಮೆ ಉಚಿತ.